ಮೂರು ದಿನ ಕಟ್ಟಿ ನೋಡಿದ ಕಾರು

ಸಿದರಾಯ ಮಾಸ್ತರ ಜಾಂಬಿಯಾದಿಂದ ಗಲಗಲಿಗೆ ಬಂದು ಇಪ್ಪತ್ತಮೂರು ದಿನಗಳಾಗಿದ್ದವು. ಅವನ ಟ್ರಂಕಿಗೆ ಬಿಗಿದ ಹಗ್ಗವನ್ನು ಇನ್ನೂ ಬಿಚ್ಚಿರಲಿಲ್ಲ. ಉಡುವ ತೊಡುವ ಬಟ್ಟೆಗಳನ್ನು ಅವನು ಕೈಚೀಲದಿಂದಲೇ ತೆಗೆದುಕೊಳ್ಳುತ್ತಿದ್ದ. ಒಗೆದು ಒಣಗಿದ ಮೇಲೆ ಮಡಚಿ ಮತ್ತೆ ಕೈಚೀಲಕ್ಕೇ ಹಾಕುತ್ತಿದ್ದ. ಗೋಡೆಗೆ ಹೊಸದಾಗಿ ಹೊಡೆದ ಗೂಟಗಳು ಖಾಲಿಯೇ ಇದ್ದವು.

ಅಣ್ಣ ಜಕ್ಕಪ್ಪ ಇದನ್ನೆಲ್ಲ ನೋಡುತ್ತಿದ್ದ. ತಮ್ಮನಿರಲೆಂದು ಆ ಖೋಲಿ ಕಟ್ಟಿಸಿದವನು ಅವನೇ. ಮನೆಯ ಮಗ್ಗುಲಿಗೆ, ಮೊದಲು ಕುರಿದಡ್ಡಿ ಇದ್ದ ಜಾಗದಲ್ಲಿ, ನೆಲಕ್ಕೆ ಶಹಾಬಾದ ಕಲ್ಲು ಹಾಸಿ, ಹೊಳೆಯ ಗಾಳಿ ಬರಲೆಂದು ಉತ್ತರಕ್ಕೆ ಕಿಟಕಿ ಇಡಿಸಿದ್ದ. ಈಗ ಆ ಕಿಟಕಿಯೇ ತಪ್ಪಾಯಿತೇನೋ ಎಂದು ಅವನಿಗೆ ಅನುಮಾನ. ತಮ್ಮ ದಿನಕ್ಕೆ ಹತ್ತು ಸಲ ಅದರಲ್ಲಿ ನಿಂತು ನದಿಯ ಕಡೆ ನೋಡುತ್ತಿದ್ದ. ಸಂಜೆಗೆ ಅಲ್ಲಿಂದ ಎದ್ದು ದಡಕ್ಕೇ ಹೋಗಿ ನಿಲ್ಲುತ್ತಿದ್ದ. ನಾವೆ ಆಚೆ ದಡಕ್ಕೆ ಹೋಗುವುದನ್ನು ನೋಡುವುದು, ಈಚೆ ಬರುವುದನ್ನು ನೋಡುವುದು, ಇಷ್ಟೇ. ಊಟಕ್ಕೆ ಕೂತರೆ ಒಂದೂವರೆ ರೊಟ್ಟಿ. ಜಕ್ಕಪ್ಪನ ಹೆಂಡತಿ ಹೊಳೆವ್ವ ಇನ್ನೊಂದು ಹಾಕಲು ಬಂದರೆ ತಾಟಿನ ಮೇಲೆ ಕೈ ಅಡ್ಡ ಹಿಡಿದು, ಸಾಕು ವೈನಿ, ಎಂದು ಏಳುತ್ತಿದ್ದ. ಕೂತ ಜಾಗ ಬಿಸಿಯಾಗುವುದಕ್ಕೂ ಬಿಡುತ್ತಿರಲಿಲ್ಲ.

ಆ ಮನೆತನದಲ್ಲಿ ಅಕ್ಷರ ಕಲಿತ ಮೊದಲನೆಯವನು ಸಿದರಾಯ. ಅಣ್ಣ ಕುರಿ ಹೊಡೆದುಕೊಂಡು ಮೀರಜ, ಪಂಢರಪುರ ಎಂದು ಅಲೆಯುತ್ತಿದ್ದ ಕಾಲಕ್ಕೆ ತಮ್ಮ ಜಮಖಂಡಿಯ ಬೋರ್ಡಿಂಗಿನಲ್ಲಿದ್ದು ಓದಿದ. ಮುಂದೆ ಅಲ್ಲಿಯೇ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾದ. ಅರವತ್ತಾರನೆಯ ಇಸವಿಯಲ್ಲಿ ಯಾರೋ ಹೇಳಿದರೆಂದು ಅರ್ಜಿ ಹಾಕಿ, ಹೆಂಡತಿ ಸತ್ಯವ್ವನನ್ನು ಕರೆದುಕೊಂಡು ಆಫ್ರಿಕದ ಜಾಂಬಿಯಾಕ್ಕೆ ಹೋದ. ಕಾಬ್ವೆ ಎಂಬ ಊರಿನ ಶಾಲೆ. ಹನ್ನೆರಡು ವರ್ಷ ಅಲ್ಲಿದ್ದ. ಮಕ್ಕಳಾಗಲಿಲ್ಲ. ಎರಡು ವರ್ಷದ ಹಿಂದೆ ಸತ್ಯವ್ವ ಎಂಟು ದಿನದ ಜ್ವರದಲ್ಲಿ ತೀರಿಕೊಂಡಳು. ಅವಳನ್ನು ಅಲ್ಲಿಯೇ ಮಣ್ಣು ಮಾಡಿದರು. ತಂತಿ ಗಲಗಲಿಗೆ ಮುಟ್ಟಿದ್ದು ಹನ್ನೊಂದನೆಯ ದಿನಕ್ಕೆ.

ಈಗ ಸಿದರಾಯನಿಗೆ ಐವತ್ತೈದು ಮುಗಿದು ನಿವೃತ್ತಿಯಾಗಿತ್ತು. ಇನ್ನು ಊರಲ್ಲೇ ಇರುತ್ತೇನೆ ಎಂದು ಬರೆದ ಪತ್ರವನ್ನು ಜಕ್ಕಪ್ಪ ಪೋಸ್ಟಿನವನ ಕಡೆಯಿಂದ ಎರಡು ಸಲ ಓದಿಸಿದ್ದ. ಅದೇ ಪತ್ರದಲ್ಲಿ ಕಾರಿನ ಮಾತೂ ಇತ್ತು. ಅಲ್ಲಿ ಕಾರಿಲ್ಲದೆ ಒಂದು ದಿನ ಕಳೆದಿಲ್ಲ, ಮೊಣಕಾಲೂ ಮೊದಲಿನ ಹಾಗಿಲ್ಲ, ಬಂದ ಮೇಲೆ ಒಂದು ಗಾಡಿ ಬೇಕು. ಹೊಸದೋ ಹಳೆಯದೋ, ಬಂದು ನೋಡೋಣ ಎಂದು.

ಬಂದು ನೋಡುವುದು ಮುಗಿಯಲೇ ಇಲ್ಲ. ಹೊಸ ಕಾರೆಂದರೆ ಆಗ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕಿತ್ತು. ಪರದೇಶದಲ್ಲಿ ದುಡಿದು ಅಲ್ಲಿಯ ಹಣ ತಂದವರಿಗೆ ಮಾತ್ರ ಸರತಿ ಬಿಟ್ಟು ಕೊಡುತ್ತಿದ್ದರು. ಹುಬ್ಬಳ್ಳಿಯ ಕಾರು ಮಾರುವ ಕಂಪನಿಯಿಂದ ಕಾಗದ ಬಂದಿತ್ತು: ಡಿಸೆಂಬರ್ ಮುಗಿಯುವುದರೊಳಗೆ ಹೌದೆಂದು ಬರೆದರೆ ತಿಂಗಳೊಪ್ಪತ್ತಿನಲ್ಲಿ ಹೊಸ ಫಿಯೆಟ್ ಸಿಗುತ್ತದೆ, ಆದರೆ ತೆಗೆದುಕೊಂಡ ಮೇಲೆ ಎರಡು ವರ್ಷ ಮಾರುವ ಹಾಗಿಲ್ಲ. ಸಿದರಾಯ ಆ ಕಾಗದವನ್ನು ಓದಿ ಅಣ್ಣನಿಗೆ ಅರ್ಥ ಹೇಳಿ ಕನ್ನಡಕದ ಡಬ್ಬಿಯ ಕೆಳಗಿಟ್ಟ. ಒಂದು ದಿನ, ಬರೆದುಬಿಡುತ್ತೇನೆ ಎಂದ. ಮರುದಿನ, ಎರಡು ವರ್ಷ ಬಹಳಾಯಿತು ಎಂದ.

ಅದರ ಹಿಂದೆಯೇ ಇನ್ನೊಂದು ಕಾಗದ ಬಂತು. ಕಾಬ್ವೆಯ ಹೆಡ್‌ಮಾಸ್ತರರದು. ಸಿದರಾಯ ಅದರ ವಿಷಯವನ್ನು ಊಟದ ಹೊತ್ತಿಗೆ, ತಾಟಿನಿಂದ ತಲೆ ಎತ್ತದೆ ಹೇಳಿದ. ಅವನ ಜಾಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲವಂತೆ. ಬರುವುದಾದರೆ ಇನ್ನೆರಡು ವರ್ಷಕ್ಕೆ ತೆಗೆದುಕೊಳ್ಳುತ್ತಾರಂತೆ. ಅದಕ್ಕೂ ಡಿಸೆಂಬರ್ ಮುಗಿಯುವುದರೊಳಗೆ ಉತ್ತರ ಬೇಕಂತೆ.

"ಏನಂತ ಬರಿಯಾಂವ ನೀ?" ಎಂದು ಜಕ್ಕಪ್ಪ ಕೇಳಿದ.

"ನೋಡೂಣು," ಎಂದ ಸಿದರಾಯ.

ಜಕ್ಕಪ್ಪನಿಗೆ ಆಮೇಲೆ ರೊಟ್ಟಿ ಇಳಿಯಲಿಲ್ಲ. ಅವನು ಓದಿದವನಲ್ಲ, ಆದರೆ ಲೆಕ್ಕ ಸರಳವಿತ್ತು. ಹೊಸ ಕಾರೆಂದರೆ ಎರಡು ವರ್ಷದ ಗೂಟ. ಎರಡು ವರ್ಷ ಇಲ್ಲಿದ್ದರೆ ಅಲ್ಲಿಯ ಜಾಗ ಬೇರೆಯವರ ಪಾಲಾಗುತ್ತದೆ, ಆಮೇಲೆ ಕರೆಯುವವರಿರುವುದಿಲ್ಲ. ಹಳೆಯ ಕಾರಿನ ಮಾತೇ ಬೇರೆ. ಅದನ್ನು ಇಂದು ಕೊಂಡು ನಾಳೆ ಮಾರಬಹುದು. ಅವನ ಪ್ರಾಯದ ದಿನಗಳಲ್ಲಿ ಕುರಿ ಹೊಡೆದುಕೊಂಡು ಪರನಾಡಿಗೆ ಹೋಗುವಾಗ ಹಿರಿಯರು ದಾರಿ ಬಲ್ಲ ಮುದಿ ಟಗರೊಂದನ್ನು ಕೊಳ್ಳುತ್ತಿದ್ದರು. ಹಿಂಡಿನ ಮುಂದೆ ಅದನ್ನು ಬಿಟ್ಟು ನಡೆಯುವುದು, ತಿರುಗಿ ಬರುವಾಗ ಸಿಕ್ಕ ಸಂತೆಯಲ್ಲಿ ಮಾರುವುದು. ಮನೆಗೆಂದು ಕೊಳ್ಳುವಾಗ ಮಾತ್ರ ಮರಿಯನ್ನೇ ಕೊಳ್ಳುತ್ತಿದ್ದರು. ಹಳೆಯದನ್ನು ಕೇಳುವವನು ಹೋಗುವವನು. ಜಕ್ಕಪ್ಪ ಇದನ್ನು ಯಾರಿಗೂ ಹೇಳಲಿಲ್ಲ. ಆದರೆ ತಮ್ಮ ಹಳೆಯ ಕಾರಿನ ಮಾತೆತ್ತಿದಾಗಲೆಲ್ಲ ಅವನಿಗೆ ಆ ಟಗರಿನ ಕೊರಳಗಂಟೆ ಕೇಳಿಸುತ್ತಿತ್ತು.

ಸಿದರಾಯ ಮಾತ್ರ ಹಳೆಯದನ್ನು ಹುಡುಕಲು ಹೊರಟ. ಅಣ್ಣನನ್ನೂ ಕರೆದ. ತೇರದಾಳದಲ್ಲಿ ಒಂದು ಜೀಪು ನೋಡಿದರು, ಅದರ ತಳ ತುಕ್ಕು ಹಿಡಿದು ರಸ್ತೆ ಕಾಣುತ್ತಿತ್ತು. ಬನಹಟ್ಟಿಗೆ ಸೀರೆ ವ್ಯಾಪಾರಿಯೊಬ್ಬನ ಕಾರು ನೋಡಲು ಹೊರಟರು. ಅವರು ಹೋಗುವುದರೊಳಗೆ ಅದು ರಬಕವಿಯವರಿಗೆ ಮಾರಿಹೋಗಿತ್ತು. ಪ್ರತಿ ಸಲ ಬಸ್ಸಿನಲ್ಲಿ ತಿರುಗಿ ಬರುವಾಗ ಸಿದರಾಯ ಕಿಟಕಿಯ ಪಕ್ಕ ಕೂತು ಮೊಣಕಾಲು ತೀಡಿಕೊಳ್ಳುತ್ತ, ಹೊಸದೇ ಛಲೋ ಕಾಣುತ್ತದೆ ಎನ್ನುತ್ತಿದ್ದ. ಮನೆ ಮುಟ್ಟಿದ ಮೇಲೆ ಕಾಗದ ತೆಗೆದು ನೋಡಿ, ಮತ್ತೆ ಡಬ್ಬಿಯ ಕೆಳಗಿಡುತ್ತಿದ್ದ.

ಕೊನೆಗೆ ಮುಧೋಳದಲ್ಲಿ ಶಿದ್ರಾಮಪ್ಪ ಎಂಬ ಬೆಲ್ಲದ ವ್ಯಾಪಾರಿಯ ಅಂಬಾಸಿಡರ್ ಸಿಕ್ಕಿತು. ಶಿದ್ರಾಮಪ್ಪನಿಗೆ ಕಣ್ಣಿನ ಪೊರೆ ತೆಗೆದಿದ್ದರು. ದಪ್ಪ ಕನ್ನಡಕ ಬಂದ ಮೇಲೆ ಎದುರಿನ ಎತ್ತಿನ ಗಾಡಿ ಎಷ್ಟು ದೂರ ಇದೆಯೆಂಬುದು ಗೊತ್ತಾಗದೆ ಕಾರು ಮಾರಬೇಕೆಂದು ನಿಶ್ಚಯಿಸಿದ್ದ. ಬೂದು ಬಣ್ಣ, ಅಲ್ಲಲ್ಲಿ ಕೈಯಿಂದ ತೀಡಿ ಹೊಳಪು ಹೋದದ್ದು. ಕೊಂಡದ್ದು ಅರವತ್ತಾರರಲ್ಲಿ ಎಂದು ಅವನು ಹೇಳಿದಾಗ ಸಿದರಾಯ ಒಂದು ಕ್ಷಣ ಕಾರಿನ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು ನಿಂತ. ತಾನು ಊರು ಬಿಟ್ಟ ವರ್ಷ. ಆಮೇಲೆ ಬಾನೆಟ್ ಎತ್ತಿಸಿದ, ಕೆಳಗೆ ಬಗ್ಗಿ ನೋಡಿದ, ಲೋಕಾಪುರದ ರಸ್ತೆಯ ಮೇಲೆ ಎರಡು ಮೈಲಿ ಓಡಿಸಿಕೊಂಡು ಬಂದ. ಇಳಿದ ಮೇಲೆ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಕಟ್ಟೆಯ ಮೇಲೆ ಕೂತ, ಎದ್ದ, ಮತ್ತೆ ಕೂತ.

ಆಗ ಜಕ್ಕಪ್ಪನಿಗೆ ಒಂದು ದಾರಿ ಹೊಳೆಯಿತು.

ಅವರ ಕಡೆ ಎತ್ತು ಕೊಳ್ಳಲಿ, ಹೋರಿ ಕೊಳ್ಳಲಿ, ಟಗರು ಕೊಳ್ಳಲಿ, ಸಂತೆಯಲ್ಲೇ ಮಾತು ಮುಗಿಯುತ್ತಿರಲಿಲ್ಲ. ಪ್ರಾಣಿಯನ್ನು ಮನೆಗೆ ತಂದು ಬೀರಪ್ಪ ದೇವರ ಭಂಡಾರದ ಅರಿಸಿನ ಹಚ್ಚಿ ಮೂರು ದಿನ ಕಟ್ಟಿ ನೋಡುತ್ತಿದ್ದರು. ಹಾಕಿದ್ದನ್ನು ತಿಂದು, ನೀರು ಕುಡಿದು, ಕಾಲು ಮಡಚಿ ಮಲಗಿ ಮೆಲುಕು ಹಾಕಿತೋ, ಅದು ಈ ಮನೆಯದಾಯಿತು. ಮೇವು ಮುಟ್ಟದೆ, ಮಲಗದೆ, ಬಂದ ದಾರಿಯ ಕಡೆ ಮುಖ ಮಾಡಿ ನಿಂತೇ ಇತ್ತೋ, ಹಗ್ಗ ಬಿಚ್ಚಿ ತಿರುಗಿ ಹೊಡೆದುಕೊಂಡು ಹೋಗಿ ಕೊಟ್ಟು ಬರುತ್ತಿದ್ದರು. ಅದರಲ್ಲಿ ಕೊಟ್ಟವನಿಗೂ ಅವಮಾನವಿರಲಿಲ್ಲ, ಕೊಂಡವನಿಗೂ ಇರಲಿಲ್ಲ. ಆ ಮೂರು ದಿನ ಪ್ರಾಣಿಗೆ ಯಾರೂ ಮೋಸ ಮಾಡಬಾರದು. ಮೇವು ಕಡಿಮೆ ಹಾಕುವುದು, ಬೆದರಿಸುವುದು, ಇಂಥದ್ದು ಮಾಡಿದವನ ದಡ್ಡಿಗೆ ರೋಗ ಬರುತ್ತದೆಂದು ಜಕ್ಕಪ್ಪನ ಅಪ್ಪ ಹೇಳುತ್ತಿದ್ದ.

"ಶಿದ್ರಾಮಪ್ಪನವರ, ನಮ್ಮ ಪದ್ಧತಿ ಒಂದೈತ್ರಿ," ಎಂದ ಜಕ್ಕಪ್ಪ. "ಮೂರ ದಿನ ನಮ್ಮನ್ಯಾಗ ಕಟ್ಟಿ ನೋಡತೇವ್ರಿ. ಆಮ್ಯಾಲ ಮಾತು."

ಶಿದ್ರಾಮಪ್ಪ ದಪ್ಪ ಕನ್ನಡಕದೊಳಗಿನಿಂದ ಅವನನ್ನು ನೋಡಿದ. "ಯಜಮಾನ್ರ, ಇದಕ್ಕ ಹುಲ್ಲ ಹಾಕವರೋ, ಹಿಂಡಿ ಹಾಕವರೋ?"

ಕಾರು ತೋರಿಸಲೆಂದು ಶಿದ್ರಾಮಪ್ಪ ಆವತ್ತು ಕರೆಸಿದ್ದ ಡ್ರೈವರ್ ನಕ್ಕ. ಸಿದರಾಯನೂ ನಕ್ಕ, ಊರಿಗೆ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು ಎಂದು ಜಕ್ಕಪ್ಪ ಗಮನಿಸಿದ. ಆದರೆ ಶಿದ್ರಾಮಪ್ಪನೂ ಹೊಲಮನೆಯವನೇ, ಎತ್ತು ಕಟ್ಟಿ ನೋಡಿದವನೇ. ಹಾಗೇ ಆಗಲೆಂದ.

ಮರುದಿನ ಮಧ್ಯಾಹ್ನ ಕಾರು ಗಲಗಲಿಗೆ ಬಂತು. ಶಿದ್ರಾಮಪ್ಪನೂ ಡ್ರೈವರನ ಜೊತೆಗೆ ಬಂದಿದ್ದ. ಅಂಗಳದ ಬೇವಿನ ಮರದ ಕೆಳಗೆ ನಿಲ್ಲಿಸಿದರು. ಹೊಳೆವ್ವ ಚಕ್ರಗಳಿಗೆ ನೀರು ಹಾಕಿ, ಜಕ್ಕಪ್ಪ ಕೊಟ್ಟ ಭಂಡಾರವನ್ನು ಬಾನೆಟ್ಟಿಗೆ ಹಚ್ಚಿದಳು. ಹೊಸದಾಗಿ ಕಟ್ಟಿದ್ದನ್ನು ಅದೇ ದಿನ ಹೂಡಬಾರದು, ಇವತ್ತು ನಿಂತಿರಲಿ, ಮೂರು ದಿನದ ಎಣಿಕೆ ನಾಳೆಯಿಂದ ಎಂದು ಜಕ್ಕಪ್ಪ ತಮ್ಮನಿಗೆ ಹೇಳಿದ. ಚಹಾ ಆದ ಮೇಲೆ ಸಿದರಾಯ ಡ್ರೈವರನ ಜೊತೆಗೆ ಬಸ್ಸಿನ ಹೊತ್ತು ಕೇಳಲು, ಬಸ್ಸು ನಿಲ್ಲುವ ಊರ ಅಗಸಿಯ ಕಡೆ ಹೋದ.

ಆಗ ಶಿದ್ರಾಮಪ್ಪ ಬಾನೆಟ್ ಎತ್ತಿ ಜಕ್ಕಪ್ಪನನ್ನು ಹತ್ತಿರ ಕರೆದ. ಊರಿನ ಹುಡುಗರು ಕೈ ಹಚ್ಚದೆ ಬಿಡುವುದಿಲ್ಲ, ಅದಕ್ಕೆ ತಾನೊಂದು ಉಪಾಯ ಮಾಡುತ್ತಿದ್ದೆ ಎಂದ. ಎಂಜಿನ್ನಿನ ಮಗ್ಗುಲಲ್ಲಿ ವೈರುಗಳು ಹೊರಟ ಒಂದು ಕರಿಯ ಮುಚ್ಚಳ. ಅದರ ಎರಡು ಕ್ಲಿಪ್ಪು ಸರಿಸಿ ಮುಚ್ಚಳ ತೆಗೆದು ಒಳಗಿನಿಂದ ಹೆಬ್ಬೆರಳಿನಷ್ಟು ದೊಡ್ಡ ಕರಿಯ ತುಂಡೊಂದನ್ನು ಎಳೆದು ತೋರಿಸಿದ. ಅದರ ನೆತ್ತಿಗೆ ಹಿತ್ತಾಳೆಯ ಪಟ್ಟಿ ಇತ್ತು.

"ಇದಕ್ಕ ರೋಟರ್ ಅಂತಾರ. ಇದನ್ನ ತಗದ ಕಿಸೆಕ ಹಾಕ್ಕೊಂಡ್ರ ಮುಗೀತು, ಯಾವ ಅಪ್ಪನ ಮಗಾ ಬಂದ್ರೂ ಗಾಡಿ ಚಾಲೂ ಆಗಂಗಿಲ್ಲ. ಮಾಸ್ತರಿಗೂ ತೋರಸ್ರಿ."

ಅದನ್ನು ತಿರುಗಿ ಕೂಡಿಸಿ, ಮುಚ್ಚಳ ಹಾಕಿ, ಅವನು ಬಸ್ಸಿಗೆ ಹೋದ. ಜಕ್ಕಪ್ಪ ತಮ್ಮನಿಗೆ ತೋರಿಸಲಿಲ್ಲ.

ಆ ಸಂಜೆ ಹೊಳೆವ್ವ ಎಮ್ಮೆ ಹಿಂಡುತ್ತಿದ್ದಳು. ಸಿದರಾಯ ಎಂದಿನಂತೆ ಹೊಳೆದಂಡೆಗೆ ಹೋಗಿದ್ದ. ಕಾರು ಬಂದರೂ ಹೋಗುವುದು ತಪ್ಪಲಿಲ್ಲವಲ್ಲ ಎಂದುಕೊಂಡ ಜಕ್ಕಪ್ಪ. ಈ ಕಾರು ಉಳಿದರೆ ತಮ್ಮ ಅದರಲ್ಲಿ ಎರಡು ತಿಂಗಳು ಓಡಾಡುತ್ತಾನೆ, ಮಾರುತ್ತಾನೆ, ಹೋಗುತ್ತಾನೆ. ಇದು ಕೆಟ್ಟುನಿಂತರೆ ಹುಬ್ಬಳ್ಳಿಗೆ ಬರೆಯುತ್ತಾನೆ. ಡಿಸೆಂಬರ್ ಮುಗಿಯಲು ಹನ್ನೊಂದು ದಿನ ಇತ್ತು. ಜಕ್ಕಪ್ಪ ಬಾನೆಟ್ ಎತ್ತಿದ. ಕುರಿಯ ಕಾಲಿನಿಂದ ಮುಳ್ಳು ತೆಗೆದು ರೂಢಿಯಿದ್ದ ಬೆರಳುಗಳಿಗೆ ಆ ಕ್ಲಿಪ್ಪು ಕಷ್ಟವಾಗಲಿಲ್ಲ. ಕರಿಯ ತುಂಡನ್ನು ಅಂಗಿಯ ಒಳಕಿಸೆಗೆ ಹಾಕಿಕೊಂಡು, ಮುಚ್ಚಳ ಮೊದಲಿನ ಹಾಗೆ ಕೂಡಿಸಿದ. ಕೈಗೆ ಅಂಟಿದ್ದನ್ನು ನೋಡಿದರೆ ಎಣ್ಣೆಯ ಜೊತೆಗೆ ಭಂಡಾರದ ಅರಿಸಿನವೂ ಇತ್ತು.

ಅವನು ಬಚ್ಚಲಿಗೆ ಹೋಗಿ ಮಣ್ಣು ಹಚ್ಚಿ ಕೈ ತೊಳೆದ. ಅರಿಸಿನ ಪೂರ್ತಿ ಹೋಗಲಿಲ್ಲ.

ಮರುದಿನ ಮುಂಜಾನೆ ಸಿದರಾಯ ಕಾರು ಚಾಲೂ ಮಾಡಲು ಹೋದ. ಒಳಗೆ ಏನೋ ತಿರುಗಿದ ಸದ್ದಾಯಿತು, ಎಂಜಿನ್ ಹತ್ತಲಿಲ್ಲ. ಮತ್ತೆ ಮಾಡಿದ. ಮುಂದೆ ಹ್ಯಾಂಡಲ್ ಹಾಕಿ ತಿರುವಿದ. ಜಕ್ಕಪ್ಪ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ.

"ಮೇವು ಮುಟ್ಟವಲ್ದಲ್ಲೋ ತಮ್ಮಾ ನಿನ್ನ ಮುಧೋಳ ಎತ್ತು," ಎಂದ. "ಬಿಡು, ಹೊಸಾದಕ ಬರದಬಿಡು."

ಸಿದರಾಯ ಬಾನೆಟ್ ಎತ್ತಿದ. ಅದನ್ನು ಹಿಡಿಯುವ ಕಡ್ಡಿ ಸಡಿಲಾಗಿ ಮತ್ತೆ ಮತ್ತೆ ಜಾರಿ ಬೀಳುತ್ತಿತ್ತು. ಎರಡು ಸಲ ತಲೆಗೆ ಬಡಿದ ಮೇಲೆ ಅವನು ಸುತ್ತಲೂ ಏನನ್ನೋ ಹುಡುಕಿ, ಖೋಲಿಗೆ ಹೋದ. ತಿರುಗಿ ಬಂದಾಗ ಅವನ ಕೈಯಲ್ಲಿ ಟ್ರಂಕಿನ ಹಗ್ಗ ಇತ್ತು.

ಅದರ ಒಂದು ತುದಿಯನ್ನು ಬಾನೆಟ್ಟಿಗೆ, ಇನ್ನೊಂದನ್ನು ಬೇವಿನ ಕೊಂಬೆಗೆ ಕಟ್ಟಿದ. ಮತ್ತೆ ಒಳಗೆ ಹೋಗಿ ಟ್ರಂಕಿನಿಂದ ಒಂದು ಗಂಟು ತಂದ. ಬಿಚ್ಚಿದರೆ ನಟ್ಟು ತಿರುವುವ ಹತ್ತು ಹನ್ನೆರಡು ಪಾನಾ, ಸ್ಕ್ರೂ ಡ್ರೈವರು, ಕಬ್ಬಿಣ ಉಜ್ಜುವ ಸಣ್ಣ ಕಾನಸು. ಕಟ್ಟಿದ ಬಟ್ಟೆ ಸತ್ಯವ್ವನ ಇಳಕಲ್ ಸೀರೆಯ ತುಂಡಾಗಿತ್ತು. ಹೊಳೆವ್ವ ಗುರುತು ಹಿಡಿದಳು. ಮಧ್ಯಾಹ್ನದವರೆಗೆ ಸಿದರಾಯ ಬಾನೆಟ್ಟಿನೊಳಗೆ ಬಗ್ಗಿಕೊಂಡೇ ಇದ್ದ. ಒಂದೊಂದೇ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಕಂಬಳಿಯ ಮೇಲೆ ಸಾಲಾಗಿ ಇಟ್ಟ. ಮೊಣಕೈವರೆಗೂ ಕಪ್ಪಾಗಿತ್ತು. ಊಟಕ್ಕೆ ಕರೆದಾಗ ಬಂದು ನಾಲ್ಕು ರೊಟ್ಟಿ ತಿಂದ. ತಿನ್ನುತ್ತ ಕಾಬ್ವೆಯ ಮಾತು ತೆಗೆದ. ಅಲ್ಲಿ ಅವನದೊಂದು ಹಳೆಯ ಪೂಜೋ ಕಾರು ಇತ್ತಂತೆ. ರಿಪೇರಿಯವರು ನೂರು ಮೈಲಿಗೊಬ್ಬರು. ರವಿವಾರ ಅದನ್ನು ಬಿಚ್ಚಿ ಹರಡಿ ಕೂತರೆ ಸತ್ಯವ್ವ ಬಾಗಿಲಲ್ಲಿ ನಿಂತು, ಉಳಿದದ್ದೇನಾದರೂ ಇದ್ದರೆ ಒಲೆಗೆ ಹಾಕುತ್ತೇನೆ ಎಂದು ನಗುತ್ತಿದ್ದಳಂತೆ. ಸತ್ತ ಹೆಂಡತಿಯ ಹೆಸರನ್ನು ಅವನು ಆ ಮನೆಯಲ್ಲಿ ತೆಗೆದದ್ದು ಅದೇ ಮೊದಲು.

ಉಂಡವನು ಬೇವಿನ ನೆರಳಿನಲ್ಲಿ, ಕಾರಿನ ಮಗ್ಗುಲಿಗೆ, ಬರಿಯ ನೆಲದ ಮೇಲೆ ಕಾಲು ಮಡಚಿ ಮಲಗಿ ನಿದ್ದೆ ಹೋದ. ಸಂಜೆಗೆ ಹೊಳೆಯ ಕಡೆ ಹೋಗಲಿಲ್ಲ. ಹೊತ್ತು ಮುಳುಗಿದ್ದೂ ಅವನಿಗೆ ತಿಳಿದಂತೆ ಕಾಣಲಿಲ್ಲ.

ಜಕ್ಕಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಲೇ ಇದ್ದ. ತಿಂದ. ಮಲಗಿದ. ದಾರಿಯ ಕಡೆ ಮುಖ ಮಾಡಿ ನಿಲ್ಲಲಿಲ್ಲ. ಇದನ್ನೆಲ್ಲ ಅವನು ಕಾರಿನ ಬಗ್ಗೆ ಎಣಿಸಬೇಕಿತ್ತು, ಎಣಿಸುತ್ತಿದ್ದದ್ದು ತಮ್ಮನ ಬಗ್ಗೆ. ಎದೆಯ ಮೇಲಿನ ಒಳಕಿಸೆಯಲ್ಲಿ ಆ ಕರಿಯ ತುಂಡು ಚುಚ್ಚುತ್ತಿತ್ತು. ಈಗ ಅವನ ಸರತಿ ಬಂತು, ಕೂತಲ್ಲಿ ಕೂಡಲಾಗಲಿಲ್ಲ. ಎದ್ದು ಎಮ್ಮೆಗೆ ಹುಲ್ಲು ಹಾಕಿದ, ಹಾಕಿದ್ದನ್ನೇ ಮತ್ತೆ ಸರಿಸಿದ. ತುಂಡನ್ನು ತಿರುಗಿ ಇಟ್ಟರೆ ಕಾರು ಓಡುತ್ತದೆ, ಬಿಚ್ಚುವ ಕೆಲಸ ಮುಗಿಯುತ್ತದೆ, ತಮ್ಮ ಮತ್ತೆ ಕಿಟಕಿಗೆ ಹೋಗಿ ನಿಲ್ಲುತ್ತಾನೆ. ಇಡದಿದ್ದರೆ ಮೂರನೆಯ ದಿನ ಶಿದ್ರಾಮಪ್ಪ ಬಂದು ಎಳೆದುಕೊಂಡು ಹೋಗುತ್ತಾನೆ, ಕಂಬಳಿಯ ಮೇಲಿನ ಪಾನಾ ಮತ್ತೆ ಟ್ರಂಕಿಗೆ, ಹಗ್ಗ ಮತ್ತೆ ಟ್ರಂಕಿಗೆ. ಹೊಸ ಕಾರು ಬಂದರೆ ಬಿಚ್ಚುವುದಾದರೂ ಏನನ್ನು? ಕಟ್ಟಿದ ಪ್ರಾಣಿಗೆ ಮೋಸ ಮಾಡಿದ್ದೇನೆಂಬುದೂ ಬಿಡದೆ ಕಾಡಿತು. ಎಮ್ಮೆ ಒಮ್ಮೆ ಕೆಮ್ಮಿದ್ದಕ್ಕೇ ಅವನು ಹೋಗಿ ಅದರ ಮೂಗು ಮುಟ್ಟಿ ನೋಡಿದ.

ಎರಡನೆಯ ದಿನ ಸಿದರಾಯ ಮುಂಜಾನೆಯ ಬಸ್ಸಿಗೆ ಎಣ್ಣೆ ತರುತ್ತೇನೆಂದು ಜಮಖಂಡಿಗೆ ಹೊರಟ. ಅಂಗಿಯ ಕಿಸೆಯಲ್ಲಿ ಎರಡು ಲಕೋಟೆಗಳ ತುದಿ ಕಾಣುತ್ತಿತ್ತು. ಜಕ್ಕಪ್ಪ ಅಗಸಿಯವರೆಗೂ ಹಿಂದೆ ನಡೆದ. ಏನು ಬರೆದೆ ಎಂದು ಕೇಳಬೇಕೆಂದುಕೊಂಡವನು, ರೊಟ್ಟಿ ಕಟ್ಟಿಸಿಕೊಳ್ಳಬೇಕಿತ್ತು ಎಂದಷ್ಟೇ ಹೇಳಿದ. ಹನ್ನೊಂದರ ಬಸ್ಸಿಗೆ ಅವನು ತಿರುಗಿ ಬರಲಿಲ್ಲ. ಮಧ್ಯಾಹ್ನದ ಬಸ್ಸಿಗೂ ಬರಲಿಲ್ಲ. ಜಕ್ಕಪ್ಪ ಮೂರು ಸಲ ಅಗಸಿಗೆ ಹೋಗಿ ಬಂದ. ಮೂರನೆಯ ಸಲ ಹೊಳೆವ್ವ ಬಾಗಿಲಲ್ಲಿ ತಡೆದಳು.

"ಅಂವಂದು ತಿರುಗೂದು ನಿಂತಿತು, ನಿಮ್ಮದು ಚಾಲೂ ಆತು," ಎಂದಳು. "ಟ್ರಂಕು ಬಾಯಿ ತಕ್ಕೊಂಡು ಇಲ್ಲೇ ಐತಿ. ಕುಂದರ್ರಿ."

ಅವನು ಖೋಲಿಗೆ ಹೋಗಿ ನೋಡಿದ. ಟ್ರಂಕಿನ ಮುಚ್ಚಳ ತೆರೆದಿತ್ತು. ಗೋಡೆಯ ಗೂಟಕ್ಕೆ ಒಂದು ಪ್ಯಾಂಟು, ಒಂದು ಅಂಗಿ.

ಸಿದರಾಯ ನಾಲ್ಕರ ಬಸ್ಸಿಗೆ ಇಳಿದ. ಕೈಯಲ್ಲಿ ಎಣ್ಣೆಯ ಡಬ್ಬಿ, ಬನಹಟ್ಟಿಗೂ ಹೋಗಿದ್ದೆನೆಂದ. ಮಗ್ಗದ ಸಾಮಾನು ಮಾಡುವ ಲೇತಿನವನ ಕಡೆಯಿಂದ ಬಾನೆಟ್ಟಿನ ಕಡ್ಡಿಗೆ ಉಂಗುರದಂಥ ಒಂದು ಬುಷ್ ಮಾಡಿಸಿಕೊಂಡು ಬಂದಿದ್ದ. ಅದನ್ನು ಅಣ್ಣನ ಅಂಗೈಯಲ್ಲಿಟ್ಟು ಎಷ್ಟು ನುಣ್ಣಗಿದೆ ನೋಡು ಎಂದ. ಕಾಗದಗಳ ಮಾತು ತೆಗೆಯಲಿಲ್ಲ. ಹೊತ್ತು ಮುಳುಗುವವರೆಗೆ ಬಾನೆಟ್ಟಿನ ಹತ್ತಿರವೇ ಇದ್ದು, ತೊಳೆದಿಟ್ಟದ್ದನ್ನೆಲ್ಲ ಜೋಡಿಸಿದ. ಆದರೆ ಚಾಲೂ ಮಾಡಿ ನೋಡಲಿಲ್ಲ.

ಮೂರನೆಯ ದಿನ ಬೆಳಗಿಗೆ ಜಕ್ಕಪ್ಪ ನಿಶ್ಚಯಿಸಿದ್ದ. ಮೋಸ ಇಲ್ಲಿಗೆ ಸಾಕು. ತಮ್ಮ ಹೋಗುವುದಾದರೆ ಹೋಗಲಿ. ಕಟ್ಟಿದ್ದಕ್ಕೆ ಸುಳ್ಳು ಸಾಕ್ಷಿ ಹೇಳುವುದು ತನ್ನಿಂದಾಗದು. ಸಿದರಾಯ ಸ್ನಾನಕ್ಕೆ ಹೋದ ಹೊತ್ತು ನೋಡಿ ಅವನು ಬಾನೆಟ್ ಎತ್ತಿದ. ಹೊಸ ಬುಷ್ ಹಾಕಿದ ಕಡ್ಡಿ ಗಟ್ಟಿಯಾಗಿ ನಿಂತಿತು. ಕ್ಲಿಪ್ಪು ಸರಿಸಿ ಮುಚ್ಚಳ ತೆಗೆದ.

ಒಳಗೆ ಇನ್ನೊಂದು ಕರಿಯ ತುಂಡು ಕೂತಿತ್ತು. ಹೊಚ್ಚ ಹೊಸದು. ಹಿತ್ತಾಳೆಯ ಪಟ್ಟಿ ಮಿರಿಮಿರಿ ಮಿಂಚುತ್ತಿತ್ತು.

ಜಕ್ಕಪ್ಪ ಹಳೆಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ನಿಂತ. ಬಚ್ಚಲಿನಿಂದ ತಂಬಿಗೆಯ ಸದ್ದು ಬರುತ್ತಿತ್ತು. ಹನ್ನೆರಡು ವರ್ಷ ಪೂಜೋ ಬಿಚ್ಚಿ ಜೋಡಿಸಿದವನಿಗೆ ಈ ಮುಚ್ಚಳ ತೆಗೆದು ನೋಡಲು ಎಷ್ಟು ಹೊತ್ತು ಬೇಕು? ಮೊದಲ ದಿನ ಮುಂಜಾನೆಯೇ ನೋಡಿರಬೇಕು. ನೋಡಿ, ಮುಚ್ಚಿ, ಉಳಿದದ್ದನ್ನೆಲ್ಲ ಬಿಚ್ಚುತ್ತ ಕೂತ. ಜಕ್ಕಪ್ಪ ಮುಚ್ಚಳ ಕೂಡಿಸಿ, ತುಂಡನ್ನು ಕಿಸೆಗೆ ಹಾಕಿಕೊಂಡು, ಕಟ್ಟೆಯ ಮೇಲೆ ಹೋಗಿ ಕೂತ.

ಹನ್ನೊಂದರ ಬಸ್ಸಿಗೆ ಶಿದ್ರಾಮಪ್ಪ ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿ, ತೊಳೆದ ಎಂಜಿನ್ ನೋಡಿ, ತನ್ನ ಮನೆಯಲ್ಲಿದ್ದಾಗ ಇದು ಇಷ್ಟು ಸ್ವಚ್ಛ ಇರಲಿಲ್ಲ ಎಂದ. ಆಮೇಲೆ ಕಟ್ಟೆಯ ಮೇಲೆ ಕೂತು, ಏನು ಠರಾಯಿಸಿದಿರಿ ಮಾಸ್ತರ್ರ ಎಂದು ಕೇಳಿದ.

"ಅಣ್ಣನ್ನ ಕೇಳ್ರಿ," ಎಂದ ಸಿದರಾಯ. "ಕಟ್ಟಿ ನೋಡಿದಾಂವ ಅಂವ."

ಇಬ್ಬರೂ ಜಕ್ಕಪ್ಪನ ಕಡೆ ನೋಡಿದರು. ಜಕ್ಕಪ್ಪ ಕಾರಿನ ಕಡೆ ನೋಡಲಿಲ್ಲ. ತಮ್ಮನ ಕೈಗಳನ್ನು ನೋಡಿದ. ಸ್ನಾನ ಮಾಡಿದ್ದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ತನ್ನದೇ ಬೆರಳಿನ ಗೆರೆಯಲ್ಲಿ ಅರಿಸಿನ ಇನ್ನೂ ಇತ್ತು.

"ತಿಂತು," ಎಂದ ಜಕ್ಕಪ್ಪ. "ಮಲಗಿತು. ಮೆಲುಕ ಹಾಕೇತ್ರಿ. ಇರಲಿ."

ಸಿದರಾಯ ಎದ್ದು ಹೋಗಿ ಕೀಲಿ ತಿರುವಿದ. ಒಂದೇ ಸಲಕ್ಕೆ ಎಂಜಿನ್ ಹತ್ತಿತು. ಬೇವಿನ ಮೇಲಿನ ಗುಬ್ಬಿಗಳು ಎದ್ದವು. ಹೊಳೆವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

ಶಿದ್ರಾಮಪ್ಪನನ್ನು ಮುಧೋಳಕ್ಕೆ ಕಾರಿನಲ್ಲೇ ಬಿಟ್ಟು ಬರುವುದೆಂದಾಯಿತು. ಅವನು ಹಿಂದಿನ ಸೀಟಿಗೆ ಹತ್ತಿ ಕೂತ. ಸಿದರಾಯ ಬಾನೆಟ್ ಮುಚ್ಚಲು ಮುಂದೆ ಬಂದಾಗ ಜಕ್ಕಪ್ಪ ಹತ್ತಿರ ನಿಂತಿದ್ದ.

"ಎರಡೂ ಕಾಗದ ಹಾಕಿದೇನು?" ಎಂದು ಕೇಳಿದ.

"ಹಾಕೀನಿ. ಎರಡಕ್ಕೂ ಬ್ಯಾಡ ಅಂತ ಬರದೀನಿ." ಸಿದರಾಯ ಸೀರೆಯ ತುಂಡಿನಿಂದ ಬಾನೆಟ್ಟಿನ ಅಂಚು ಒರೆಸಿದ. "ಹೊಸಾದು ತಗೊಂಡು ಏನ್ ಮಾಡ್ಲಿ ಅಣ್ಣಾ? ಕೀಲಿ ತಿರುವೋದು, ಹೋಗೋದು. ಎಲ್ಲಿಗಿ ಹೋಗ್ಲಿ?" ಸೀರೆಯ ತುಂಡು ಮಡಚುತ್ತ, ಕಾಬ್ವೆಗೆ ಮಾತ್ರ ಯಾವಾಗಲಾದರೂ ಒಮ್ಮೆ ಹೋಗಿ ಬರಬೇಕು, ಅವಳ ಗೋರಿಯ ಮೇಲೆ ಕಲ್ಲು ಇಡಿಸಿಲ್ಲ ಎಂದ. ಹೋಗಿ ಬರಬೇಕು ಎಂಬುದನ್ನು ಅವನು ಮೆಲ್ಲಗೇ ಹೇಳಿದ್ದ, ಆದರೂ ಜಕ್ಕಪ್ಪನ ಕೈ ತಾನಾಗಿ ಎದೆಯ ಕಿಸೆಗೆ ಹೋಯಿತು.

ಸಿದರಾಯ ಅದನ್ನು ನೋಡಿದ. ಬಾನೆಟ್ ಮುಚ್ಚಿ, ಅಂಗೈ ಚಾಚಿದ.

"ಆ ಹಳೇದು ಕೊಡು. ಡಿಕ್ಕಿಯಾಗ ಇರಲಿ. ದಾರ್ಯಾಗ ಕೆಟ್ರ ಬೇಕಾಗತೈತಿ."

ಜಕ್ಕಪ್ಪ ತುಂಡನ್ನು ಹೊರಗೆ ತೆಗೆದ. ತಮ್ಮನ ಅಂಗೈ ನೋಡಿದ, ತುಂಡನ್ನು ನೋಡಿದ. ಮತ್ತೆ ಕಿಸೆಗೆ ಹಾಕಿಕೊಂಡ.

"ನನ್ನ ಹಂತೇಕ ಇರಲಿ," ಎಂದ. "ಕೆಟ್ರ ಬಂದು ಒಯ್ಯಿ."

ಸಿದರಾಯ ತಲೆಯಾಡಿಸಿ, ಹತ್ತಿ ಕೂತ. ಕಾರು ಅಗಸಿ ದಾಟಿ ಮುಧೋಳದ ರಸ್ತೆ ಹಿಡಿಯಿತು. ಜಕ್ಕಪ್ಪ ಅದರ ಧೂಳು ಇಳಿಯುವವರೆಗೆ ನಿಂತಿದ್ದು, ಬೇವಿನ ಕೊಂಬೆಯಲ್ಲಿ ನೇತಾಡುತ್ತಿದ್ದ ಟ್ರಂಕಿನ ಹಗ್ಗವನ್ನು ಬಿಚ್ಚಿದ. ಗಟ್ಟಿ ಹಗ್ಗ. ಕೊಟ್ಟಿಗೆಗೆ ಒಯ್ದು ಎಮ್ಮೆಯ ಕರುವಿಗೆ ಕಟ್ಟಿದ. ಆಮೇಲೆ ಕಟ್ಟೆಯ ಮೇಲೆ, ರಸ್ತೆ ಕಾಣುವ ಹಾಗೆ, ಕೂತ. ಮುಧೋಳಕ್ಕೆ ಹೋಗಿ ಬರಲು ಎಷ್ಟು ಹೊತ್ತು ಹಿಡಿಯುತ್ತದೆಂದು ಹೊಳೆವ್ವನನ್ನು ಕೇಳಿದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದ.